ಗಿರಿಯಪ್ಪನೂ ಸಾಹೇಬರ ಕೀಟೋನೂ

೧೯೬೩ರಲ್ಲಿ ಹುಬ್ಬಳ್ಳಿಯ ಒಂದು ದನದ ದವಾಖಾನೆಗೆ ಮುಂಬೈಯಲ್ಲಿ ಕಲಿತ ಡಾಕ್ಟರರೊಬ್ಬರು ಬಂದರು. ಪದವಿಯ ಜೊತೆ ಅವರು ತಂದದ್ದು ಒಂದೇ ಶಬ್ದ: ಕೀಟೋನ್. ಮೇವು ಬಿಟ್ಟ ಆಕಳ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ಕೀಟೋನ್ ಆಗುತ್ತದೆ. ಹದದಲ್ಲಿದ್ದರೆ ಹಸಿದ ಮೈಗೆ ಉರುವಲು, ಮೀರಿದರೆ ರೋಗ. ಇದು ಖರೆ. ಆದರೆ ಸಾಹೇಬರಿಗೆ ಅದು ಕೈ ಕೊಳೆಯಾಗದಿರಲು ಸಿಕ್ಕ ನೆಪ. ಕುಂಟುವ ಎತ್ತಿಗೂ ಕೀಟೋನ್, ಕೆಮ್ಮುವ ಕುರಿಗೂ ಕೀಟೋನ್. ಹತ್ತಿರ ಹೋದರೆ ಇಸ್ತ್ರಿ ಪ್ಯಾಂಟಿಗೆ ಸಗಣಿ ಹತ್ತೀತಲ್ಲ.

ಅಲ್ಲಿ ಕಂಪೌಂಡರ್ ಗಿರಿಯಪ್ಪ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಹನ್ನೊಂದು ವರ್ಷ ಸೂಜಿ ಕುದಿಸಿ, ಮೂತ್ರ ಪರೀಕ್ಷಿಸಿ, ಇಂಥ ನಾಲ್ವರು ಸಾಹೇಬರನ್ನು ಕಂಡಿದ್ದ.

ಒಂದು ಮುಂಜಾನೆ ಬೆಂಗೇರಿಯ ಸತ್ಯವ್ವ ತನ್ನ ಹಂದಿಯನ್ನು ಕೈಗಾಡಿಯಲ್ಲಿ ತಂದಳು. ಒಂಬತ್ತು ಮರಿ ಹಾಕಿದ ಹಂದಿ ಮೇಲೇಳುತ್ತಿರಲಿಲ್ಲ, ತಿನ್ನುತ್ತಿರಲಿಲ್ಲ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಪಡಸಾಲೆಯಿಂದಲೇ ನೋಡಿದರು.

"ಕೀಟೋನ್ ಏರೇತಿ. ಬೆಲ್ಲದ ನೀರ ಕುಡಸು."

"ಮುಟ್ಟಿ ನೋಡ್ರಿ ಸಾಹೇಬ್ರ. ಮೊಲಿ ಕಾದು ಕೆಂಡ ಆಗ್ಯಾವು" ಎಂದಳು ಸತ್ಯವ್ವ.

"ಹಂದಿ ಮುಟ್ಟಾಕ ನಾ ಮುಂಬೈತನಕ ಹೋಗಿ ಕಲತೇನೇನು?"

ಸಾಹೇಬರು ಚಹಾಕ್ಕೆ ಹೋದರು. ಗಿರಿಯಪ್ಪ ಹಂದಿಯ ತಾಪ ನೋಡಿದ: ನೂರಾ ಆರು, ಇರಬೇಕಾದ್ದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಅದರ ಮೂತ್ರ ಹಿಡಿದು ಕೀಟೋನ್ ಪರೀಕ್ಷೆಯ ಪುಡಿ ಬೆರೆಸಿ ಮೇಲೆ ಅಮೋನಿಯಾ ಬಿಟ್ಟ. ಕೀಟೋನ್ ಇದ್ದರೆ ನೇರಳೆ ಬಣ್ಣದ ಉಂಗುರ ಏಳಬೇಕು, ಏಳಲಿಲ್ಲ. ಪುಡಿ ಹಳತಾಗಿದೆಯೋ ಎಂದು, ಮೇವು ಬಿಟ್ಟಿದ್ದರಿಂದ ದವಾಖಾನೆಯ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆಯ ಮೂತ್ರಕ್ಕೂ ಹಾಕಿದ. ದಟ್ಟ ನೇರಳೆ. ಎರಡೂ ನಳಿಗೆಗಳನ್ನು ಚಹಾ ಮುಗಿಸಿ ಬಂದ ಸಾಹೇಬರ ಮೇಜಿಗೆ ಒಯ್ದ.

"ಹಂದಿಗೆ ಕೀಟೋನ್ ಇಲ್ರಿ. ಉಪಾಸ ಬಿದ್ರೂ ಹಂದಿಗೆ ಅದು ಲಗೂ ಏರಂಗಿಲ್ಲಂತ ನಿಮ್ಮ ಪುಸ್ತಕದಾಗ ಐತ್ರಿ. ಇದು ಮೊಲಿ ಬ್ಯಾನಿ. ಪೆನ್ಸಿಲಿನ್‌ಗೆ ಸಹಿ ಮಾಡ್ರಿ."

ಹೊಸದರಲ್ಲಿ ಕೂಡಿಕೊಂಡೇ ಇದ್ದ ಆ ಪುಸ್ತಕದ ಹಾಳೆಗಳ ಅಂಚನ್ನು ಚಾಕುವಿನಿಂದ ಬಿಡಿಸಿದವನೂ ಗಿರಿಯಪ್ಪನೇ. ಸಾಹೇಬರು ಅದನ್ನು ಕಪಾಟಿನ ಶೋಭೆಗೆ ಇಟ್ಟಿದ್ದರು.

"ನೀ ಬಾಟ್ಲಿ ತೊಳಿ" ಎಂದು ಸಾಹೇಬರು ನಳಿಗೆಗಳನ್ನು ಮೋರಿಗೆ ಸುರಿದರು.

ಗಿರಿಯಪ್ಪ ಔಷಧದ ಲೆಕ್ಕದ ಪುಸ್ತಕದಲ್ಲಿ ತನ್ನದೇ ಹೆಸರು ಬರೆದು, ಪೆನ್ಸಿಲಿನ್ ತೆಗೆದು ಚುಚ್ಚಿದ. ಮೂರು ದಿನ ಬೆಂಗೇರಿಗೆ ನಡೆದುಹೋಗಿ ಮತ್ತೆ ಚುಚ್ಚಿದ. ಹಾಲಿಲ್ಲದೆ ಮರಿಗಳು ತಣ್ಣಗಾಗುತ್ತಿದ್ದವು. ಹುಟ್ಟಿದ ಹಂದಿಮರಿಯ ಮೈಯಲ್ಲಿ ಕೊಬ್ಬಿಲ್ಲ, ಕರಗಿಸಿ ಕೀಟೋನ್ ಮಾಡಿಕೊಂಡು ಬದುಕುವ ಶಕ್ತಿಯೂ ಇಲ್ಲ. ಸತ್ಯವ್ವನ ಪಕ್ಕದ ಮನೆಯ ಹುಸೇನಬಿ ಬೇಲಿಯಾಚೆಯಿಂದ ಆಡಿನ ಹಾಲು ಕೊಟ್ಟಳು. "ಹಂದಿ ನನಗ ಆಗಂಗಿಲ್ಲ. ಹಸಿವಿ ಬ್ಯಾರೆ ಮಾತು" ಎಂದಳು. ಐದು ಮರಿ ಸತ್ತವು, ನಾಲ್ಕು ಉಳಿದವು. ನಾಲ್ಕನೆಯ ದಿನ ತಾಯಿ ಎದ್ದು ಗಂಜಿ ಕುಡಿಯಿತು.

ಮರುವರ್ಷ ಸಾಹೇಬರು ಧಾರವಾಡದ ಸಭೆಯೊಂದರಲ್ಲಿ ಹಂದಿಯ ಕೀಟೋನ್ ರೋಗವನ್ನು ಬೆಲ್ಲದಿಂದ ಗುಣಪಡಿಸಿದ ಬಗ್ಗೆ ಪ್ರಬಂಧ ಓದಿದರು. ಆರು ಮಾರು ದೂರದಿಂದ ಹಂದಿ ನೋಡಿದವರು ಅದರ ಯಕೃತ್ತಿನ ಒಳಗನ್ನು ವರ್ಣಿಸಿದರು. ಅಷ್ಟೂ ನೋಡದವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಸಹಿ ಇಲ್ಲದೆ ಔಷಧ ಬಳಸಿದ್ದಕ್ಕೆ ಗಿರಿಯಪ್ಪನಿಗೆ ನೋಟೀಸು ಬಂತು. "ತಾಪ ಇತ್ತು. ಕೀಟೋನ್ ಇರಲಿಲ್ಲ. ಚುಚ್ಚಿದವನು ನಾನೇ" ಎಂದು ಉತ್ತರ ಬರೆದ. ಅವನನ್ನು ದೂರದ ಹಳ್ಳಿಯ ದವಾಖಾನೆಗೆ ಎತ್ತಿಹಾಕಿದರು. ಅಲ್ಲಿಗೆ ಎರಡು ವರ್ಷ ಡಾಕ್ಟರರೇ ಬರಲಿಲ್ಲ. ದನಗಳು ಚೆನ್ನಾಗಿದ್ದವು.