ಕಿರ್ ಅನ್ನುತ್ತೋ, ಕುಂಯ್ ಅನ್ನುತ್ತೋ?

ಕಥೆಗಾರನನ್ನು ಕಟ್ಟಿಕೊಂಡವಳ ತಲೆನೋವು ಯಾರಿಗೂ ಬೇಡ. ಬಾಗಿಲು ತೆರೆಯಿತು ಎಂದು ಬರೆದರೆ ನಮ್ಮ ಯಜಮಾನರಿಗೆ ಸಾಲದು. ನನ್ನ ಕೈ ತುಂಬ ಸೋಪಿನ ನೊರೆ ಇರುವಾಗಲೇ ಬಂದು ನಿಲ್ಲುತ್ತಾರೆ: ‘ಏನೇ, ನಮ್ಮ ಬಾಗಿಲು ಕಿರ್ ಅನ್ನುತ್ತೋ, ಕುಂಯ್ ಅನ್ನುತ್ತೋ?’ ನಲ್ಲಿಯ ಹನಿ ಟಪ್ ಎಂದರೆ ಒರಟಂತೆ, ತೊಟ್ ಎಂದರೆ ಸಪ್ಪೆಯಂತೆ. ಒಂದು ಪದಕ್ಕೆ ಅರ್ಧ ದಿನ ಪ್ರಾಣ ತಿನ್ನುತ್ತಾರೆ. ಪಕ್ಕದ ಮನೆಯ ದರ್ಜಿಯಮ್ಮನ ಹತ್ತಿರ ಕತ್ತರಿಯ ಸದ್ದು ಹೇಗಿರುತ್ತದೆಂದು ವಿಚಾರಿಸಿ ಬೈಸಿಕೊಂಡೂ ಬಂದರು. ಮೊನ್ನೆ ನನಗೂ ರೇಗಿತು. ‘ನಿಮಗೇನು ಕಿವಿ ಇಲ್ವಾ?’ ಎಂದು ಕೂಗಿದೆ. ಅವರು ಮೆಲ್ಲಗೆ ಪೆನ್ನಿನ ಮುಚ್ಚಳ ಹಾಕಿದರು. ‘ಸಣ್ಣ ಸದ್ದು ಕಿವಿಗೆ ಬೀಳದೆ ವರ್ಷ ಆಯ್ತು ಕಣೇ. ಅದಕ್ಕೇ ನಿನ್ನ ಕಾಡ್ತೀನಿ.’ ಈಗಲೂ ರೇಗುತ್ತದೆ. ಆದರೆ ಕೈ ಒರೆಸಿಕೊಂಡು, ಬಾಗಿಲನ್ನು ಎರಡೆರಡು ಸಲ ತೆರೆದು ಮುಚ್ಚಿ, ಆಮೇಲೆ ಹೇಳುತ್ತೇನೆ.