ಗೊಣಬೆಯ ಬೆಂಕಿ ಮತ್ತು ಎರಡು ಪುಸ್ತಕ

ಮನುಷ್ಯ ಮಾಡುವುದಕ್ಕೆಲ್ಲ ಹಿಂದೊಂದು ಕಾರಣವಿರುತ್ತದೆ, ಆ ಕಾರಣದ ಹಿಂದೆ ಇನ್ನೊಂದು. ಹೀಗಿರುವಾಗ ತಪ್ಪು ಯಾರದು ಎಂದು ಕೇಳುವುದೇ ತಪ್ಪು. ಹತ್ತೊಂಬತ್ತನೇ ವಯಸ್ಸಿನಲ್ಲಿ ಈ ಮಾತು ನನಗೆ ಬೆಲ್ಲದಷ್ಟು ರುಚಿಸಿತ್ತು. ಇವತ್ತು ಯಾರಾದರೂ ಹಾಗೆಂದರೆ ಕೆನ್ನೆಗೆ ಬಾರಿಸೋಣ ಅನ್ನಿಸುತ್ತದೆ. ಬಾರಿಸಬೇಕಾದ ಕೆನ್ನೆ ನನ್ನದೇ ಎಂಬುದು ಆಮೇಲೆ ನೆನಪಾಗುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಮುಗಿಸಿ ಹೊಸನಗರದ ಹತ್ತಿರದ ನಮ್ಮ ಊರಿಗೆ ಮರಳಿದ್ದೆ. ನಮ್ಮದು ಗೇಣಿ ಮನೆ. ಗದ್ದೆ ಒಡೆಯರದು, ದುಡಿಮೆ ನಮ್ಮದು. ಊರಿನಲ್ಲಿ ಪುಸ್ತಕ ಓದುವವನು ನಾನೊಬ್ಬನೇ ಎಂಬ ಕೊಬ್ಬು ಬೇರೆ. ತೀರ್ಥಹಳ್ಳಿಗೆ ಹೋದಾಗಲೆಲ್ಲ ಹೈಸ್ಕೂಲಿನ ಮೇಷ್ಟ್ರು ಎರಡು ಪುಸ್ತಕ ಕೊಡುತ್ತಿದ್ದರು. ಆಗಷ್ಟೇ ಬಂದ ಕಾದಂಬರಿ ಒಂದು, ತತ್ವಶಾಸ್ತ್ರದ್ದು ಒಂದು. ಇದರದೊಂದು ಅಧ್ಯಾಯ, ಅದರದೊಂದು ಅಧ್ಯಾಯ ಓದಬೇಕು.

"ಕತೇಲಿರೋನು ತಪ್ಪಿಸ್ಕೊಳ್ಳೋಕೆ ನೋಡ್ತಾನೆ. ಆ ತತ್ವದೋರು ಅವನನ್ನ ಹಿಡೀತಾರಾ, ಬಿಡ್ತಾರಾ, ನೋಡು" ಎನ್ನುತ್ತಿದ್ದರು.

ನನಗೆ ಹಿಡಿಸಿದ್ದು ತಪ್ಪಿಸಿಕೊಳ್ಳುವವನೇ. ಒಂದು ಕಾದಂಬರಿಯ ನಾಯಕ ಹುಡುಗಿಯೊಬ್ಬಳಿಗೆ ಮಾತು ಕೊಟ್ಟು ಬಿಟ್ಟುಹೋಗುತ್ತಾನೆ. ಆಮೇಲೆ ಪುಸ್ತಕದ ಕೊನೆಯವರೆಗೂ ಸಿಗರೇಟು ಸೇದುತ್ತ ತನ್ನ ಬಗ್ಗೆಯೇ ಯೋಚಿಸುತ್ತಾನೆ. ನಾನು ಅದನ್ನು ಹೊಗಳಿದಾಗ ಮೇಷ್ಟ್ರು ಕೇಳಿದರು: "ಆ ಹುಡುಗಿ ಎಲ್ಲೋದ್ಲೋ?"

"ಅದು ಮುಖ್ಯ ಅಲ್ಲ ಸಾರ್. ಅವನಿಗೆ ಬೇರೆ ದಾರೀನೇ ಇರ್ಲಿಲ್ಲ."

"ನಿಂಗೆ ಪುಸ್ತಕ ಕೊಟ್ಟಿದ್ದು ದಂಡ ಕಣೋ" ಎಂದರು. ನಗುತ್ತಲೇ ಅಂದರು, ನಾನೂ ನಕ್ಕೆ.

ಆ ಬೇಸಿಗೆಯಲ್ಲಿ ಒಡೆಯರ ಕಣದ ಗೊಣಬೆ ಸುಟ್ಟುಹೋಯಿತು. ಅವರ ಕೊಟ್ಟಿಗೆಯ ದನಗಳಿಗೆಲ್ಲ ವರ್ಷವಿಡೀ ಬೇಕಾದ ಒಣಹುಲ್ಲನ್ನು ಅಲ್ಲಿ ಬಣವೆಯಾಗಿ ಒಟ್ಟಿದ್ದರು. ಆ ಮಧ್ಯಾಹ್ನ ಅದರ ನೆರಳಿನಲ್ಲಿ ಪುಸ್ತಕ ಹಿಡಿದು, ಕಾದಂಬರಿಯ ನಾಯಕನ ಹಾಗೆ ಸಿಗರೇಟು ಹಚ್ಚಿಕೊಂಡು ಕೂತವನು ನಾನು. ಆರದ ತುಂಡನ್ನು ಹುಲ್ಲಿನ ಬುಡಕ್ಕೆ ಎಸೆದು ಎದ್ದುಬಂದೆ. ಮನೆಯ ಅಂಗಳದಲ್ಲಿ ನಿಂತು ತಿರುಗಿದರೆ ಹೊಗೆ.

ಅದೇ ಮಧ್ಯಾಹ್ನ, ನನಗಿಂತ ಮೊದಲು, ಕೆಳಮನೆಯ ಮಾವನೂ ಅಲ್ಲಿ ಕೂತು ಬೀಡಿ ಸೇದಿದ್ದ. ಅವನೂ ಒಡೆಯರ ಗೇಣಿದಾರ. ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿ ಶಾಲೆಗೆ ಬಿಟ್ಟವನು.

ನಮ್ಮಲ್ಲಿ ಇಂಥದ್ದಕ್ಕೆ ಪೊಲೀಸರನ್ನು ಕರೆಯುತ್ತಿರಲಿಲ್ಲ. ಊರು ಕಾಯುವ ಭೂತನ ಕಲ್ಲಿನ ಮೇಲೆ ಒದ್ದೆ ಕೈಯಿಟ್ಟು ಆಣೆ ಹಾಕಬೇಕು. ಹಾಕಿದವನು ಬಚಾವು, ಹಾಕದವನು ತಪ್ಪಿತಸ್ಥ. ನಾವಿಬ್ಬರೂ ಅಲ್ಲಿ ಕೂತದ್ದನ್ನು ಕಂಡವರಿದ್ದರು. ಒಡೆಯರು ಇಬ್ಬರನ್ನೂ ಕರೆಸಿದರು. ಊರೆಲ್ಲ ಸೇರಿತ್ತು.

ನಾನು ಮೊದಲು ಹೋದೆ. ನನಗೆ ಅದು ಬರೀ ಕಲ್ಲು. "ನನ್ನ ಬೆಂಕಿ ಅಲ್ಲ" ಎಂದೆ. ದನಿ ನಡುಗಲಿಲ್ಲ. ಮೂಢನಂಬಿಕೆ ಗೆದ್ದೆನೆಂದು ಒಳಗೊಳಗೇ ಬೀಗಿದೆ ಕೂಡ.

ಮಾವ ಕೈ ಚಾಚಿದ. ಮತ್ತೆ ಹಿಂದಕ್ಕೆ ತೆಗೆದುಕೊಂಡ.

"ಎಂತಕ್ಕೆ ನಿಂತ್ಯ? ಹಾಕೋ. ಅವ್ನು ಹಾಕ್ಲಿಲ್ವಾ?" ಎಂದರು ಒಡೆಯರು.

"ಬೀಡಿ ಆರ್ಸಿದ್ದೆ ಅಂತ ಕಾಣ್ತದೆ ಒಡೇರೆ. ಆದ್ರೆ ಸಮಾ ನೆಪ್ಪಿಲ್ಲ. ಗೊತ್ತಿಲ್ದೇ ಹೆಂಗೆ ಆಣೆ ಹಾಕ್ಲಿ?"

"ಹಂಗಾರೆ ಬೆಂಕಿ ನಿಂದೇ."

"ಇರ್ಬೋದು" ಎಂದ ಮಾವ.

ಮಳೆ ಹಿಡಿಯುವುದರೊಳಗೆ ಒಡೆಯರು ಅವನ ಗದ್ದೆ ಬಿಡಿಸಿ ನಮಗೆ ಗೇಣಿಗೆ ಕೊಟ್ಟರು. ಅವನು ಹೆಂಡತಿ, ಪುಟ್ಟ ಮಗಳನ್ನು ಕರೆದುಕೊಂಡು ಆನಂದಪುರದ ಕಡೆ ಕೂಲಿಗೆ ಹೋದ. ಮುಂದೆ ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಆ ಗದ್ದೆ ನಮ್ಮದೇ ಆಯಿತು. ಅಲ್ಲೇ ಉಳಿದಿದ್ದರೆ ಅವನದಾಗುತ್ತಿತ್ತು.

ಸಿಟ್ಟು ಬರುವುದು ಇಲ್ಲಿ. ಗೊಣಬೆ ಸುಟ್ಟಾಗ ನನ್ನ ಬಳಿ ಎಷ್ಟೊಂದು ಕಾರಣಗಳಿದ್ದವು: ಬಿಸಿಲು, ಗಾಳಿ, ಒಡೆಯರ ದರ್ಪ, ನಾನು ಹುಟ್ಟಿದ ಮನೆ. ಗದ್ದೆ ಕೈಗೆ ಬಂದಾಗ ಒಂದು ಕಾರಣವೂ ನೆನಪಾಗಲಿಲ್ಲ. ಇದು ನನ್ನ ಬೆವರು ಎಂದೆ! ತತ್ವಶಾಸ್ತ್ರವನ್ನು ಬೆಂಕಿಗೆ ಮಾತ್ರ ಬಳಸಿಕೊಂಡು, ಅನ್ನಕ್ಕೆ ಬಳಸದ ಕಳ್ಳ ನಾನು. ಪುಸ್ತಕಗಳನ್ನು ಬೈದು ಪ್ರಯೋಜನವಿಲ್ಲ. ಕಾರಣಗಳ ಮಾತು ಕಲಿಸಿದ ಆ ತತ್ವಶಾಸ್ತ್ರದ ಪುಸ್ತಕದಲ್ಲೇ ಮುಂದಿನ ಅಧ್ಯಾಯವೊಂದಿತ್ತು: ಕಾರಣ ಸಾವಿರವಿದ್ದರೂ ಮಾಡಿದವನು ಉತ್ತರ ಕೊಡಲೇಬೇಕು ಎಂಬ ವಾದ. ಬೇಕೆಂದೇ ಅದನ್ನು ಓದದೆ ಹಿಂತಿರುಗಿಸಿದ್ದೆ.

ಹೋದ ವರ್ಷ ಆನಂದಪುರಕ್ಕೆ ಹೋಗಿ ಮಾವನ ಮಗಳನ್ನು ಹುಡುಕಿದೆ. ಅವಳಿಗೂ ಈಗ ಮೊಮ್ಮಕ್ಕಳು. "ಬನ್ನಿ ಭಾವ" ಎಂದು ಚಾಪೆ ಹಾಸಿ, ಮಜ್ಜಿಗೆ ಕೊಟ್ಟಳು. ನಾನು ಎಲ್ಲ ಹೇಳಿದೆ. ಗದ್ದೆಯನ್ನು ಅವಳ ಹೆಸರಿಗೆ ಬರೆದುಕೊಡುತ್ತೇನೆಂದೂ ಹೇಳಿದೆ. ಅವಳು ಒಳಗೆ ಹೋಗಿ ಒಲೆ ನೋಡಿ ಬಂದು ಕೂತಳು.

"ಅಪ್ಪಯ್ಯ ಅವತ್ತಿಂದ ಬೀಡಿ ಮುಟ್ಲಿಲ್ಲ. ಅಮ್ಮ ಒಲೆ ಹಚ್ಚಿದ್ರೆ ಆರೋವರೆಗೂ ಪಕ್ಕದಲ್ಲೇ ಕೂತಿರ್ತಿದ್ರು. ಸಾಯೋವಾಗ್ಲೂ, ಒಡೇರ ದನನೆಲ್ಲ ಉಪಾಸ ಕೆಡವ್ದೆ ಅಂದ್ಕೊಂಡೇ ಸತ್ರು."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ನಿಂಗೆ ಗೊತ್ತಿತ್ತು." ಬನ್ನಿ ಎಂದವಳು ಏಕವಚನಕ್ಕಿಳಿದಳು. "ಅಪ್ಪಯ್ಯ ಇದ್ದಾಗ ಬರೋಕೆ ಬಸ್ ಚಾರ್ಜ್ ಇರ್ಲಿಲ್ವಾ ನಿನ್ನತ್ರ?"

ಅವನ ಗದ್ದೆ ಹೋಯಿತೆಂದಷ್ಟೇ ನಾನು ಲೆಕ್ಕ ಹಾಕಿದ್ದೆ. ಮಾಡದ ತಪ್ಪನ್ನು ಅವನು ಸಾಯುವವರೆಗೆ ಹೊತ್ತಿದ್ದನೆಂಬುದು ನನಗೆ ಹೊಳೆದೇ ಇರಲಿಲ್ಲ. ಆ ಹುಡುಗಿ ಎಲ್ಲೋದ್ಲೋ ಎಂದು ಮೇಷ್ಟ್ರು ಕೇಳಿದ್ದು ಇದನ್ನೇ.

"ಗದ್ದೆ ಬೇಡ ಅನ್ನಲ್ಲ. ಅದು ನಮ್ದೇ" ಎಂದಳು ಅವಳು. "ಆದ್ರೆ ಅಷ್ಟಕ್ಕೆ ಮುಗೀತು ಅಂತ ತಿಳ್ಕೋಬೇಡ. ಆ ಕಲ್ಲಿನ ಮುಂದೆ ಹೇಳು. ನಾನೂ ಬರ್ತೀನಿ."

ಗದ್ದೆ ಬರೆದುಕೊಟ್ಟೆ. ನನ್ನ ಮಗ ಮಾತು ಬಿಟ್ಟಿದ್ದಾನೆ. ಭೂತನ ಕಲ್ಲಿನ ಹತ್ತಿರ ಊರವರನ್ನು ಸೇರಿಸಿದೆ. ಅವತ್ತಿದ್ದವರಲ್ಲಿ ಇಬ್ಬರು ಮುದುಕಿಯರು ಮಾತ್ರ ಉಳಿದಿದ್ದರು. ಮಿಕ್ಕವರಿಗೆ ಇದು ಯಾವುದೋ ಹಳೇ ಕತೆ. ಅವಳು ಬಸ್ಸಿಳಿದು ಬಂದು ಎಲ್ಲರಿಗಿಂತ ಹಿಂದೆ ನಿಂತಳು. ಒದ್ದೆ ಕೈಯನ್ನು ಕಲ್ಲಿನ ಮೇಲಿಟ್ಟೆ. ಇದು ಬರೀ ಕಲ್ಲು ಎಂದು ಈಗಲೂ ನಂಬಿದ್ದೇನೆ.

"ನನ್ನ ಬೆಂಕಿ" ಎಂದೆ.

"ಕೇಳ್ಲಿಲ್ಲ" ಎಂದಳು ಹಿಂದಿನಿಂದ. "ಜೋರಾಗಿ ಹೇಳು."

ಇನ್ನೊಮ್ಮೆ ಹೇಳಿದೆ.