ಲಂಡನ್ ಹೆಂಗಸು

ಕೊಳ್ಳೇಗಾಲದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಡಿಜೆ, ಮದುವೆ ಮೆರವಣಿಗೆಗಳಿಗೆ ಕಂಪ್ಯೂಟರಿನಲ್ಲಿ ಕುಣಿತದ ಹಾಡು ಕಟ್ಟುತ್ತಿದ್ದರು. ದನಿ ನಡುಗಿಸಲು, ತಮಟೆ ಗುಡುಗಿಸಲು ಬೇಕಾದ ಪ್ಲಗಿನ್ ಎಂಬ ಸಣ್ಣ ಸಾಫ್ಟ್‌ವೇರುಗಳನ್ನೆಲ್ಲ ಇಂಟರ್‌ನೆಟ್ಟಿನಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳುತ್ತಿದ್ದರು. ಹೊಸದೊಂದು ಸಿಕ್ಕಾಗಲೆಲ್ಲ ಮೆಟ್ಟಿಲಿಳಿದು ಬಂದು, ತೊಡೆ ತಟ್ಟಿ, "ಬಿಟ್ಟಿ ಆದ್ರೂ ಗಟ್ಟಿ ಕಣ್ರಿ ಟೀಚರಮ್ಮ" ಎನ್ನುತ್ತಿದ್ದರು.

ಕಾಮಗೆರೆಯ ಮದುವೆಯಲ್ಲಿ ಅಂಥದೊಂದು ಪ್ಲಗಿನ್ ಕೈಕೊಟ್ಟಿತು. ಅದು ಬರೀ ಟ್ರಯಲ್ಲಿಗೆ ಕೊಟ್ಟದ್ದಂತೆ. ಕುಣಿತ ಏರಿದ ಹೊತ್ತಿಗೆ ಹಾಡು ಅಡಗಿ, ಹೆಂಗಸೊಬ್ಬಳ ದನಿ ಇಂಗ್ಲಿಷಿನಲ್ಲಿ, ಇಷ್ಟವಾದರೆ ಕೊಂಡುಕೊಳ್ಳಿ ಎಂದಿತು.

"ಯಾರ್ಲಾ ಅವ್ಳು?" ಎಂದು ಗಂಡಿನ ಸೋದರಮಾವ ಗದರಿದರು.

ಡಿಜೆ ಎದೆಗುಂದದೆ ಮೈಕ್ ಎತ್ತಿದರು. "ಲಂಡನ್ನಿಂದ ಗಂಡು-ಎಣ್ಗೆ ವಿಸ್ ಮಾಡ್ತಾವ್ರೆ ಸಾ!"

ಶಿಳ್ಳೆಯೋ ಶಿಳ್ಳೆ.

ಮರುವಾರವೇ ಮುಳ್ಳೂರಿನ ಮದುವೆಯವರು ಬಂದು, "ನಮ್ಗೂ ಆ ಲಂಡನ್ ಎಂಗ್ಸು ಬೇಕೇ ಬೇಕು" ಎಂದು ಹಟ ಹಿಡಿದರು. ಅಷ್ಟರಲ್ಲಿ ಟ್ರಯಲ್ ಅವಧಿ ಮುಗಿದು ಪ್ಲಗಿನ್ ಬಾಯಿ ಮುಚ್ಚಿತ್ತು. ಡಿಜೆ ಮೈಕ್ ಹಿಡಿದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು.

"ವಸಿ ಮೂಗಲ್ಲಿ ಇಂಗ್ಲೀಸ್ ಮಾತಾಡಿ ಟೀಚರಮ್ಮ, ರೆಕಾರ್ಡ್ ಮಾಡ್ಕತೀನಿ, ನನ್ ಮರ್ವಾದೆ ಪ್ರಶ್ನೆ."

ಮಾತಾಡಿದೆ. ತರಗತಿಯಲ್ಲಿ ನನ್ನ ಇಂಗ್ಲಿಷಿಗೆ ತಲೆಯೆತ್ತಿಯೂ ನೋಡದ ಮುಳ್ಳೂರಿನ ಹುಡುಗರು, ಆ ಮದುವೆಯಲ್ಲಿ ಅದಕ್ಕೇ ಬೆವರಿಳಿಯುವಂತೆ ಕುಣಿದರು.